ನೆಲದ ಮೇಲೆ ಮಲಗಿದ ರಸ್ತೆಗೆ ಕೇಬಲ್ ಎಳೆಯುವುದೇಕೆ?

ಪ್ರಶ್ನೆ: ಹುಬ್ಬಳ್ಳಿಯಲ್ಲಿ ರಸ್ತೆ ಗುತ್ತಿಗೆದಾರರೊಬ್ಬರ ಹತ್ತಿರ ಸೈಟ್ ಎಂಜಿನಿಯರ್ ಆಗಿದ್ದೇನೆ. ಮೂರು ವರ್ಷದಿಂದ ಕಾಂಕ್ರೀಟ್ ರಸ್ತೆಯದೇ ಕೆಲಸ. 2022ರ ಕೊನೆಯಲ್ಲಿ ಬೆಂಗಳೂರಿನ ಹಳೆ ಮದ್ರಾಸ್ ರಸ್ತೆಯಲ್ಲಿ ಮೊದಲೇ ಎರಕ ಹೊಯ್ದ ಸ್ಲ್ಯಾಬುಗಳನ್ನು ಸಾಲಾಗಿ ಜೋಡಿಸಿ, ಒಳಗೆ ಕೇಬಲ್ ತೂರಿಸಿ ಎಳೆದು ಬಿಗಿದಿದ್ದನ್ನು ಹೋಗಿ ನೋಡಿ ಬಂದೆ. ಸೇತುವೆಯ ಗರ್ಡರಿಗೆ ಕೇಬಲ್ ಎಳೆಯುವುದು ಅರ್ಥವಾಗುತ್ತದೆ, ಅದು ಅಂತರದಲ್ಲಿ ನಿಲ್ಲಬೇಕು. ರಸ್ತೆ ನೆಲದ ಮೇಲೇ ಮಲಗಿರುತ್ತದಲ್ಲ, ಅದಕ್ಕೇಕೆ? 30 ಸೆಂ.ಮೀ. ಹಾಕುವ ಕಡೆ 18 ಸೆಂ.ಮೀ. ಸಾಕು ಎನ್ನುತ್ತಾರೆ, ನಂಬಬಹುದೇ? ಲೆಕ್ಕ ಹೇಗೆ? ನಮ್ಮ ಊರಿನಲ್ಲಿ ಮಾಡಬಹುದೇ?

ಉತ್ತರ:

ಗರ್ಡರ್ ತನ್ನ ಭಾರವನ್ನೂ ಮೇಲಿನ ಭಾರವನ್ನೂ ಎರಡು ಕಂಬಗಳ ನಡುವೆ ಹೊತ್ತು ನಿಲ್ಲಬೇಕು. ರಸ್ತೆ ಸ್ಲ್ಯಾಬಿಗೆ ಆ ಕಷ್ಟವಿಲ್ಲ, ನಿಜ. ಅದರ ಕಷ್ಟ ಬಿಸಿಲಿನದು. ಲಾರಿ ಬಂದು ಹೋಗುತ್ತದೆ, ಬಿಸಿಲು ದಿನಾ ಬರುತ್ತದೆ. ಮಧ್ಯಾಹ್ನ ಎರಡು ಗಂಟೆಗೆ ಸ್ಲ್ಯಾಬಿನ ಮೇಲ್ಮೈ ಕಾದ ಹಂಚಾಗಿರುವಾಗ ಅಡಿಭಾಗ ಇನ್ನೂ ತಂಪಾಗೇ ಇರುತ್ತದೆ. ಕರ್ನಾಟಕದ ಒಳನಾಡಿನಲ್ಲಿ 20 ಸೆಂ.ಮೀ. ಸ್ಲ್ಯಾಬಿನ ಮೇಲಕ್ಕೂ ಕೆಳಕ್ಕೂ 19 ಡಿಗ್ರಿ ವ್ಯತ್ಯಾಸ ಹಿಡಿಯಿರಿ ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಐಆರ್‌ಸಿ 58 ಹೇಳುತ್ತದೆ. ಪಂಜಾಬ್, ಉತ್ತರ ಪ್ರದೇಶಗಳಿಗೆ ಕೊಟ್ಟದ್ದಕ್ಕಿಂತ ಇದು ಎಷ್ಟೋ ಹೆಚ್ಚು. ಮೇಲ್ಭಾಗ ಹಿಗ್ಗಿದ ಸ್ಲ್ಯಾಬ್ ನಡುವೆ ಉಬ್ಬಲು ನೋಡುತ್ತದೆ, ಸ್ವಂತ ತೂಕ ಅದನ್ನು ಅದುಮಿ ಹಿಡಿಯುತ್ತದೆ, ಆ ಜಗ್ಗಾಟದಲ್ಲಿ ಅಡಿಭಾಗಕ್ಕೆ ಎಳೆತ ಬೀಳುತ್ತದೆ. ರಾತ್ರಿ ಇದೇ ತಿರುವುಮುರುವು. ಆರಿದ ಜೋಳದ ರೊಟ್ಟಿಯ ಅಂಚು ಮೇಲೇಳುವ ಹಾಗೆ ಸ್ಲ್ಯಾಬಿನ ಅಂಚು ಏಳಲು ನೋಡುತ್ತದೆ.

ಸ್ಲ್ಯಾಬ್ ಉದ್ದವಾದಷ್ಟೂ ಈ ಎಳೆತ ಹೆಚ್ಚು. ಬಹಳ ಉದ್ದದ ಸ್ಲ್ಯಾಬಿನ ನಡುಭಾಗಕ್ಕೆ ಸೂತ್ರ ಸುಲಭ: ಕಾಂಕ್ರೀಟಿನ ಸ್ಥಿತಿಸ್ಥಾಪಕ ಗುಣಾಂಕ, ಹಿಗ್ಗುವಿಕೆಯ ಗುಣಾಂಕ, ತಾಪಮಾನದ ವ್ಯತ್ಯಾಸ, ಮೂರನ್ನೂ ಗುಣಿಸಿ 1.7ರಿಂದ ಭಾಗಿಸಿ. 18 ಸೆಂ.ಮೀ. ಸ್ಲ್ಯಾಬಿಗೆ ಸುಮಾರು 3.2 ಎಂಪಿಎ (ಮೆಗಾಪಾಸ್ಕಲ್, ಅಂದರೆ ಚದರ ಮಿ.ಮೀ.ಗೆ 3.2 ನ್ಯೂಟನ್) ಬರುತ್ತದೆ. ನಮ್ಮ ಎಂ 40 ದರ್ಜೆಯ ಕಾಂಕ್ರೀಟಿನ ಬಾಗುಬಲವೇ, ಅಂದರೆ ಬಾಗಿಸಿದರೆ ಮುರಿಯುವ ಮಟ್ಟವೇ, 4.5 ಎಂಪಿಎ. ಒಂದೇ ಒಂದು ಚಕ್ರ ಹಾಯುವ ಮೊದಲೇ ಮುಕ್ಕಾಲು ಪಾಲು ಬಲವನ್ನು ಬಿಸಿಲು ತಿಂದಾಗಿರುತ್ತದೆ.

ಇದಕ್ಕೆ ನಾವು ಮಾಡುವ ಉಪಾಯ ನಿಮಗೆ ಗೊತ್ತೇ ಇದೆ. ಸ್ಲ್ಯಾಬ್ ತಾನಾಗಿ ಸೀಳುವ ಮೊದಲೇ ಗರಗಸ ಹಾಕಿ 4.5 ಮೀಟರಿಗೊಂದು ಗೆರೆ ಕೊಯ್ಯುತ್ತೇವೆ. ತುಂಡು ಗಿಡ್ಡವಾದರೆ ಬಿಸಿಲಿನ ಎಳೆತ ಇಳಿಯುತ್ತದೆ. ಉಳಿದ ಭಾರಕ್ಕೆ ದಪ್ಪ ಕೊಡುತ್ತೇವೆ. ಅದಕ್ಕೆ ತೆರುವ ಬೆಲೆ ಕಿಲೋಮೀಟರಿಗೆ 220ಕ್ಕೂ ಹೆಚ್ಚು ಜಾಯಿಂಟು. ಪ್ರತಿಯೊಂದಕ್ಕೂ ಡೋವೆಲ್ (ಎರಡು ತುಂಡುಗಳನ್ನು ಕೂಡಿಸುವ ಉಕ್ಕಿನ ಸರಳು), ಸೀಲೆಂಟ್, ಪ್ರತಿಯೊಂದೂ ಮಳೆನೀರಿಗೆ ಬಾಗಿಲು. ಹಳೆಯ ಕಾಂಕ್ರೀಟ್ ರಸ್ತೆಯ ಮೇಲೆ ನಡೆದು ನೋಡಿ. ಮೂಲೆ ಮುರಿದಿರುವುದು, ಕೆಸರು ಕಾರುವುದು, ಗಾಡಿ ದಡಬಡಿಸುವುದು ಬಹುಪಾಲು ಜಾಯಿಂಟಿನಲ್ಲೇ. ಸ್ಲ್ಯಾಬಿನ ನಡುಭಾಗ ಗಟ್ಟಿಮುಟ್ಟಾಗಿ ಕೂತಿರುತ್ತದೆ.

ಕೊಯ್ಯದೆ ಉದ್ದಕ್ಕೆ ಬಿಟ್ಟು ಬಿರುಕನ್ನು ತಡೆಯಬೇಕಾದರೆ ಕಾಂಕ್ರೀಟನ್ನು ಮೊದಲೇ ಎರಡು ತುದಿಯಿಂದ ಒತ್ತಿ ಹಿಡಿಯಬೇಕು. ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ತೊಡಿಸಿ ನೀರು ಹೊಯ್ಯುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತಾರೆ. ಪಟ್ಟಿ ಕುಗ್ಗಿದಾಗ ಮರದ ತುಂಡುಗಳೆಲ್ಲ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಆಮೇಲೆ ಚಕ್ರ ಎಂಥ ಕೊರಕಲಿಗೆ ಇಳಿದರೂ ಸಂದು ಬಾಯಿ ಬಿಡುವುದಿಲ್ಲ. ಫ್ರಾನ್ಸಿನ ಯೂಜೀನ್ ಫ್ರೆಸಿನೆ ಕಾಂಕ್ರೀಟನ್ನು ಹೀಗೆ ಬಿಗಿಯುವ ವಿದ್ಯೆಗೆ 1928ರಲ್ಲಿ ಪೇಟೆಂಟ್ ಪಡೆದರು. ಎರಡನೇ ಮಹಾಯುದ್ಧ ಮುಗಿದ ಹೊಸತರಲ್ಲೇ ಪ್ಯಾರಿಸ್ ಬಳಿಯ ಓರ್ಲಿ ವಿಮಾನ ನಿಲ್ದಾಣದಲ್ಲಿ ಸುಮಾರು 16 ಸೆಂ.ಮೀ. ದಪ್ಪದ ಬಿಗಿದ ಕಾಂಕ್ರೀಟಿನ ರನ್‌ವೇ ಮಾಡಿ ತೋರಿಸಿದರು. ಕೇಬಲ್ಲೇ ಇಲ್ಲದೆ, ಎರಡು ತುದಿಗೆ ಭಾರಿ ಆನಿಕೆ ಕಟ್ಟಿ, ನಡುವೆ ಜ್ಯಾಕ್ ಇಟ್ಟು ಒತ್ತುವ ಬಗೆಯನ್ನೂ ಅಲ್ಲಿಯವರು ಪ್ರಯತ್ನಿಸಿದ್ದುಂಟು. ಚಳಿಗೆ ಸ್ಲ್ಯಾಬ್ ಕುಗ್ಗಿದ ಕೂಡಲೇ ಅದರ ಒತ್ತಡ ಸಡಿಲವಾಗುತ್ತದೆ. ಹಾಗಾಗಿ ರಸ್ತೆಗೆ ಉಳಿದದ್ದು ಕೇಬಲ್ ದಾರಿಯೇ.

ಈಗ ನೀವು ಕೇಳಿದ 18 ಸೆಂ.ಮೀ. ಲೆಕ್ಕ. 120 ಮೀಟರ್ ಉದ್ದದ ಒಂದು ಸ್ಲ್ಯಾಬ್ ತೆಗೆದುಕೊಳ್ಳೋಣ. ಬಿಸಿಲಿನ ಎಳೆತ 3.2. 51 ಕಿಲೋನ್ಯೂಟನ್ ಚಕ್ರಭಾರ ನಡುಭಾಗದಲ್ಲಿ ನಿಂತರೆ ವೆಸ್ಟರ್‌ಗಾರ್ಡ್ ಸೂತ್ರದಂತೆ ಸುಮಾರು 1.9. ಎರಡೂ ಸೇರಿ 5.1 ಎಂಪಿಎ. ಬಾಗುಬಲ 4.5 ಇದ್ದರೂ ಅದು ಒಂದು ಸಲಕ್ಕೆ ಮುರಿಯುವ ಬಲ. ಲಕ್ಷಾಂತರ ಸಲ ಹಾಯುವ ಚಕ್ರಗಳಿಂದ ಆಗುವ ದಣಿವನ್ನು ಹಿಡಿದರೆ, ನಮ್ಮ ಉದಾಹರಣೆಗೆ 3.4ರ ಮೇಲೆ ಹೋಗಬಾರದು ಎಂದಿಟ್ಟುಕೊಳ್ಳಿ. ಕೊರತೆ 1.7 ಎಂಪಿಎ. ಸ್ಲ್ಯಾಬಿನ ನಟ್ಟನಡುವೆ, ಎಲ್ಲ ನಷ್ಟ ಕಳೆದ ಮೇಲೂ, ಇಷ್ಟು ಒತ್ತಡ ಉಳಿದಿರಬೇಕು. ಒಂದು ಮೀಟರ್ ಅಗಲಕ್ಕೆ ಇದು 306 ಕಿಲೋನ್ಯೂಟನ್. 15.2 ಮಿ.ಮೀ. ಸ್ಟ್ರ್ಯಾಂಡ್ (ಉಕ್ಕಿನ ತಂತಿಗಳನ್ನು ಹೊಸೆದ ಕೇಬಲ್) ಒಂದರ ಮುರಿಬಲ 260 ಕಿಲೋನ್ಯೂಟನ್. ಅದರ ಮುಕ್ಕಾಲಿಗೆ ಎಳೆದು ಲಾಕ್ ಮಾಡಿದರೆ, ಉಕ್ಕಿನ ಸಡಿಲಿಕೆ, ಕಾಂಕ್ರೀಟಿನ ಕುಗ್ಗುವಿಕೆ, ಡಕ್ಟಿನೊಳಗಿನ (ಸ್ಟ್ರ್ಯಾಂಡ್ ಹಾಯುವ ಕೊಳವೆಯೊಳಗಿನ) ಉಜ್ಜುವಿಕೆ ಎಲ್ಲ ಕಳೆದು ಸುಮಾರು 155 ಉಳಿಯಿತೆನ್ನಿ. ಮೀಟರಿಗೆ ಎರಡು ಸ್ಟ್ರ್ಯಾಂಡ್ ಸಾಕಲ್ಲ ಎನಿಸುತ್ತದೆ.

ಸಾಲುವುದಿಲ್ಲ. ಏಕೆಂದರೆ ಈ ಲೆಕ್ಕದಲ್ಲಿ ನೆಲವೇ ಇಲ್ಲ. ಗರ್ಡರ್ ಬೇರಿಂಗಿನ ಮೇಲೆ ಕೂತಿರುತ್ತದೆ, ಕೇಬಲ್ ಎಳೆದಾಗ ಅದು ಕುಗ್ಗಲು ಯಾರೂ ಅಡ್ಡ ಬರುವುದಿಲ್ಲ. ರಸ್ತೆಯ ಸ್ಲ್ಯಾಬ್ ತನ್ನ ಮೈಯಷ್ಟೂ ನೆಲಕ್ಕೆ ತಾಗಿಸಿಕೊಂಡಿದೆ. ಎಳೆದ ಕೂಡಲೇ ತುದಿಗಳು ನಡುವಿನ ಕಡೆಗೆ ಜಾರಬೇಕು. ನೆಲ ಹಿಡಿದುಕೊಂಡರೆ, ತುದಿಯಲ್ಲಿ ಕೊಟ್ಟ ಒತ್ತಡ ನಡುವಿಗೆ ತಲುಪುವುದರೊಳಗೆ ಸೋರಿ ಹೋಗುತ್ತದೆ. ಎಷ್ಟು ಸೋರುತ್ತದೆ? ಘರ್ಷಣೆಯ ಗುಣಾಂಕವನ್ನು ಕಾಂಕ್ರೀಟಿನ ಸಾಂದ್ರತೆಯಿಂದಲೂ ಅರ್ಧ ಉದ್ದದಿಂದಲೂ ಗುಣಿಸಿ. ಕೆಳಗೆ ಪಾಲಿಥೀನ್ ಹಾಳೆ ಹಾಸಿ ಗುಣಾಂಕ 0.5ಕ್ಕೆ ಇಳಿಸಿದರೆ, 0.5 ಗುಣಿಸು 24 ಗುಣಿಸು 60, ಅಂದರೆ 0.72 ಎಂಪಿಎ. ಹಾಳೆಯಿಲ್ಲದೆ ಒರಟು ತಳದ ಮೇಲೆ ಗುಣಾಂಕ 1.5 ಆದರೆ 2.16 ಎಂಪಿಎ. ನಮಗೆ ಬೇಕಾಗಿದ್ದ ಒತ್ತಡಕ್ಕಿಂತ ನೆಲ ನುಂಗುವುದೇ ಹೆಚ್ಚಾಯಿತು! ಈ ಸೂತ್ರದಲ್ಲಿ ದಪ್ಪ ಬರುವುದೇ ಇಲ್ಲ ಎಂಬುದನ್ನು ಗಮನಿಸಿ. ಸ್ಲ್ಯಾಬ್ ದಪ್ಪ ಮಾಡಿ ಇದರಿಂದ ತಪ್ಪಿಸಿಕೊಳ್ಳಲಾಗದು, ತೂಕವೂ ಜೊತೆಗೇ ಏರುತ್ತದೆ. ಉದ್ದ ಕಡಿಮೆ ಮಾಡಬೇಕು, ಇಲ್ಲವೇ ತಳ ನುಣುಪು ಮಾಡಬೇಕು.

ಸ್ಟ್ರ್ಯಾಂಡಿನ ಲೆಕ್ಕಕ್ಕೆ ಇದನ್ನು ಸೇರಿಸಿದರೆ, ಹಾಳೆ ಇದ್ದಾಗ ಸುಮಾರು 35 ಸೆಂ.ಮೀ.ಗೆ ಒಂದು ಸ್ಟ್ರ್ಯಾಂಡ್ ಬೇಕು. ಹಾಳೆ ಇಲ್ಲದಿದ್ದರೆ 22 ಸೆಂ.ಮೀ.ಗೆ ಒಂದು. ನೂರೈವತ್ತು ರೂಪಾಯಿಯ ಹಾಳೆ ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಉಕ್ಕು ಸುರಿದಂತೆ. ಹಗಲು ಸ್ಲ್ಯಾಬ್ ಹಿಗ್ಗುವಾಗ ಇದೇ ಘರ್ಷಣೆ ಒತ್ತಡಕ್ಕೆ ಕೈಜೋಡಿಸುವುದುಂಟು. ಆ ಲಾಭವನ್ನು ಮಾತ್ರ ವಿನ್ಯಾಸದಲ್ಲಿ ಹಿಡಿಯಬೇಡಿ. ರಾತ್ರಿ ಕುಗ್ಗುವಾಗ ಅದು ಎಳೆತವಾಗಿ ತಿರುಗುತ್ತದೆ.

ಹಾಗಾಗಿ ನನ್ನ ಮಟ್ಟಿಗೆ ಈ ರಸ್ತೆಯ ಹಣೆಬರಹ ಬರೆಯುವುದು ಜ್ಯಾಕ್ ಅಲ್ಲ, ಸ್ಲ್ಯಾಬಿನ ಕೆಳಗಿನ ಆ ತೆಳು ಹಾಳೆ. ಇದನ್ನು ಕಲಿತದ್ದು ಒಂದು ಕಾರ್ಖಾನೆಯ ಅಂಗಳದಲ್ಲಿ. 60 ಮೀಟರ್ ಸ್ಲ್ಯಾಬ್, ಕೆಳಗೆ ಡಿಎಲ್‌ಸಿ (ಕಡಿಮೆ ಸಿಮೆಂಟಿನ ಒಣ ಕಾಂಕ್ರೀಟಿನ ತಳಪದರ), ನಡುವೆ ಹಾಳೆ. ಎಳೆಯುವ ದಿನ ಎರಡೂ ತುದಿಗೆ ಡಯಲ್ ಗೇಜ್ ನಿಲ್ಲಿಸಿದ್ದೆವು. ಸ್ಟ್ರ್ಯಾಂಡ್ 43 ಸೆಂ.ಮೀ.ಯಷ್ಟು ಹಿಗ್ಗಬೇಕಿತ್ತು, ಹಿಗ್ಗಿತು. ಜ್ಯಾಕಿನ ಮೀಟರೂ ಸರಿಯಾಗೇ ಇತ್ತು. ಪೂರ್ವದ ತುದಿ ಎರಡು ಮಿಲಿಮೀಟರಿನ ಹತ್ತಿರ ಒಳಕ್ಕೆ ಸರಿಯಿತು. ಪಶ್ಚಿಮದ ಗೇಜಿನ ಮುಳ್ಳು ಮಾತ್ರ ಅಲುಗಿದ ಹಾಗೆ ಮಾಡಿ ನಿಂತೇ ಬಿಟ್ಟಿತು. ಗೇಜನ್ನು ತಟ್ಟಿ ನೋಡಿದೆವು, ಬದಲಾಯಿಸಿಯೂ ನೋಡಿದೆವು. ಕೊನೆಗೆ ಆ ತುದಿಯಲ್ಲಿ ಸ್ಲ್ಯಾಬ್ ಕೊರೆದು ಒಂದು ಕೋರ್ ತೆಗೆದೆವು. ಕಾಂಕ್ರೀಟಿನ ಜೊತೆಗೇ ಡಿಎಲ್‌ಸಿಯ ಒಂದು ಹಿಡಿ ಕಿತ್ತು ಬಂತು, ನಡುವೆ ಚಿಂದಿಯಾದ ಹಾಳೆ. ಡಕ್ಟನ್ನು ಎತ್ತಿ ಹಿಡಿಯುವ ಕಂಬಿಯ ಕುರ್ಚಿಗಳನ್ನು ಹುಡುಗರು ಆ ಕಡೆಯಿಂದ ಎಳೆದುಕೊಂಡು ಹೋಗಿದ್ದರು. ಹರಿದಲ್ಲೆಲ್ಲ ಸಿಮೆಂಟ್ ಹಾಲು ಇಳಿದು ಸ್ಲ್ಯಾಬು ಡಿಎಲ್‌ಸಿಗೆ ಬೆಸೆದುಕೊಂಡಿತ್ತು. ಉಕ್ಕು ಹಿಗ್ಗಿದ್ದು ನಿಜ, ಆದರೆ ಒತ್ತಡದ ಒಂದು ಪಾಲು ಸ್ಲ್ಯಾಬಿನ ಬದಲು ಡಿಎಲ್‌ಸಿಗೆ ಹೋಗಿತ್ತು. 43 ಸೆಂ.ಮೀ. ಹಿಗ್ಗಿನಲ್ಲಿ ಎರಡು ಮಿ.ಮೀ. ಕಾಣುವುದೇ ಇಲ್ಲವಲ್ಲ, ಎಲಾಂಗೇಶನ್ ಶೀಟ್ ನೋಡಿ ಸಹಿ ಹಾಕಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಂದಿನಿಂದ ಸ್ಲ್ಯಾಬಿನ ತುದಿ ಎಷ್ಟು ಸರಿಯಿತು ಎಂಬುದನ್ನು ಬರೆಯದ ದಾಖಲೆಯನ್ನು ನಾನು ಒಪ್ಪಿಲ್ಲ.

ನೀವು ಈಗ ಹಾಸುತ್ತಿರುವ 125 ಮೈಕ್ರಾನ್ ಹಾಳೆ 4.5 ಮೀಟರ್ ತುಂಡುಗಳಿಗೆ ಸಾಕು. ಉದ್ದದ ಸ್ಲ್ಯಾಬಿಗೆ ತಳದ ಮಟ್ಟಸವೇ ಮುಖ್ಯ. ಡಿಎಲ್‌ಸಿಯಲ್ಲಿ ಬೆರಳು ಹೂಳುವಷ್ಟು ತಗ್ಗಿದ್ದರೂ ಸ್ಲ್ಯಾಬಿನ ಅಡಿಯಲ್ಲಿ ಗೂಟ ಬಡಿದ ಹಾಗೆಯೇ, ಎಷ್ಟು ಹಾಳೆ ಹಾಕಿದರೂ ಜಾರದು. ತೆಳುವಾದ ಡಾಂಬರು ಪದರ ಹಾಕಿ ಮಟ್ಟ ಮಾಡಿ, ಅದರ ಮೇಲೆ ಹಾಳೆ ಹಾಸುವುದು ಒಳ್ಳೆಯದು.

ಅಮೆರಿಕದ ಟೆಕ್ಸಾಸ್‌ನವರು ಮಾಡಿದ್ದೂ ಇದನ್ನೇ. ಆ ರಾಜ್ಯದ ಎರಡು ಕೆಲಸಗಳನ್ನು ನೀವು ಓದಿಕೊಳ್ಳಬೇಕು. ಮೊದಲನೆಯದು 1985ರದು, ವೆಸ್ಟ್ ಎಂಬ ಊರಿನ ಹತ್ತಿರ ಐ-35 ಹೆದ್ದಾರಿಯಲ್ಲಿ ಒಂದು ಮೈಲಿ. ದಪ್ಪ ಬರೀ 6 ಇಂಚು, ಸ್ಲ್ಯಾಬಿನ ಉದ್ದ 240 ಅಡಿ ಮತ್ತು 440 ಅಡಿ, ಎಲ್ಲ ಸ್ಥಳದಲ್ಲೇ ಹೊಯ್ದದ್ದು. ಅದಕ್ಕೂ ಮೊದಲಿನ ಕೆಲಸಗಳಲ್ಲಿ ಎರಡು ಸ್ಲ್ಯಾಬುಗಳ ನಡುವೆ ಜ್ಯಾಕ್ ಇಡಲು ಜಾಗ ಬಿಟ್ಟು, ಆಮೇಲೆ ಅದನ್ನು ಬೇರೆ ಕಾಂಕ್ರೀಟಿನಿಂದ ತುಂಬುತ್ತಿದ್ದರು. ಒಂದು ಜಾಯಿಂಟ್ ಇರಬೇಕಾದಲ್ಲಿ ಎರಡಾಗುತ್ತಿದ್ದವು, ನಡುವಿನ ಆ ತುಂಡಿಗೆ ಬಿಗಿತವೇ ಇರುತ್ತಿರಲಿಲ್ಲ. ವೆಸ್ಟ್‌ನಲ್ಲಿ ಸ್ಲ್ಯಾಬಿನ ನಡುಭಾಗದಲ್ಲೇ ಸಣ್ಣ ಗುಂಡಿಗಳನ್ನು ಬಿಟ್ಟು, ಎರಡೂ ಕಡೆಯಿಂದ ಬಂದ ಸ್ಟ್ರ್ಯಾಂಡುಗಳನ್ನು ಅಲ್ಲಿ ಕೂಡಿಸಿ ಎಳೆದರು. ತುದಿ ಜಾಯಿಂಟಿಗೆ ಮೀಸಲಾಯಿತು. ಚಿಕ್ಕ ಬದಲಾವಣೆ ಎನಿಸಬಹುದು, ಈ ಬಗೆಯ ರಸ್ತೆ ಕೈಗೆ ಹತ್ತಿದ್ದು ಅಲ್ಲಿಂದಲೇ ಎಂದು ನನ್ನ ಅಭಿಪ್ರಾಯ. ಆ ಒಂದು ಮೈಲಿ ಭಾರಿ ಲಾರಿಗಳ ಹೊಡೆತದಲ್ಲೂ ಹದಿನೈದು ವರ್ಷ ದಾಟಿ ಚೆನ್ನಾಗಿ ನಿಂತದ್ದರಿಂದಲೇ ಮುಂದಿನ ಪ್ರಯೋಗಕ್ಕೆ ಧೈರ್ಯ ಬಂತು.

ಅದೇ ಎರಡನೆಯದು, 2002ರಲ್ಲಿ ಜಾರ್ಜ್‌ಟೌನ್ ಊರಿನ ಬಳಿ ಐ-35ರ ಪಕ್ಕದ ಸೇವಾ ರಸ್ತೆಯಲ್ಲಿ ಸುಮಾರು 700 ಮೀಟರ್. ಬೆಂಗಳೂರಿನಲ್ಲಿ ನೀವು ಕಂಡದ್ದರ ಹಿರಿಯಣ್ಣ ಇದು. 10 ಅಡಿ ಅಗಲ, 8 ಇಂಚು ದಪ್ಪದ ಹಲಗೆಗಳನ್ನು ಯಾರ್ಡಿನಲ್ಲಿ ಎರಕ ಹೊಯ್ದರು. ರಸ್ತೆಯ ಪೂರ್ತಿ ಅಗಲಕ್ಕೆ ಹಾಕಿದ ಹಲಗೆಯ ಉದ್ದ 36 ಅಡಿ, ತೂಕ ಸುಮಾರು 16 ಟನ್. ಅಡ್ಡಕ್ಕೆ ಬೇಕಾದ ಬಿಗಿತವನ್ನು ಯಾರ್ಡಿನಲ್ಲೇ ಕೊಟ್ಟಿದ್ದರಿಂದ ಕ್ರೇನಿನಲ್ಲಿ ಎತ್ತುವಾಗ ಹಲಗೆ ಸೀಳುವ ಭಯವಿಲ್ಲ. ಡಾಂಬರಿನ ಮಟ್ಟಸ ಪದರ, ಅದರ ಮೇಲೆ ಪಾಲಿಥೀನ್ ಹಾಳೆ, ಅದರ ಮೇಲೆ ಹಲಗೆ. ಒಂದರ ನಾಲಿಗೆ ಇನ್ನೊಂದರ ತೋಡಿಗೆ ಕೂರುತ್ತದೆ, ನಡುವೆ ಎಪಾಕ್ಸಿ. 250 ಅಡಿಯಷ್ಟು ಸಾಲು ಕೂಡಿದ ಮೇಲೆ ನಡುವಿನ ಹಲಗೆಯ ಗುಂಡಿಗಳಿಂದ ಸ್ಟ್ರ್ಯಾಂಡ್ ತೂರಿಸಿ ಎಳೆದು, ಗುಂಡಿ ತುಂಬಿ, ಡಕ್ಟಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ಹಾಕಿದರು.

ಮೊದಲೇ ಹೊಯ್ದ ಹಲಗೆಯ ದೊಡ್ಡ ಲಾಭ ಬೇಗ ಮುಗಿಯುವುದು ಎಂದು ಎಲ್ಲರೂ ಹೇಳುತ್ತಾರೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಬೇರೆ. ಸ್ಥಳದಲ್ಲಿ ಹೊಯ್ದ 120 ಮೀಟರ್ ಸ್ಲ್ಯಾಬಿಗೆ ಮೊದಲ ರಾತ್ರಿಯೇ ಗಂಡಾಂತರ. ಬೆಳಿಗ್ಗೆ ಹೊಯ್ದ ಕಾಂಕ್ರೀಟ್ ಮಧ್ಯಾಹ್ನ ಕಾಯುತ್ತದೆ, ನಡುರಾತ್ರಿಗೆ ತಣ್ಣಗಾಗಿ ಕುಗ್ಗುತ್ತದೆ, ಬಲ ಇನ್ನೂ ಬಂದಿರುವುದಿಲ್ಲ. ಆಗಲೇ ಅಡ್ಡ ಬಿರುಕು ಬಿಟ್ಟರೆ ಮಾರನೆಯ ದಿನ ಎಳೆದು ಏನು ಫಲ? ಅದಕ್ಕೇ ಸ್ಟ್ರ್ಯಾಂಡಿನ ತುದಿ ಹಿಡಿದಿಡುವ ಆಂಕರಿನ ಹಿಂದಿನ ಕಾಂಕ್ರೀಟ್ ತಡೆಯುವಷ್ಟಾದ ಕೂಡಲೇ, ನಿದ್ದೆಗೆಟ್ಟಾದರೂ, ಮೊದಲ ಕಂತಿನ ಎಳೆತ ಕೊಡಬೇಕು. ಪೂರ್ತಿ ಎಳೆಯುವುದು ಎರಡು ಮೂರು ದಿನ ಬಿಟ್ಟು. ಯಾರ್ಡಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಹಲಗೆ ಕುಗ್ಗಬೇಕಾದ್ದರಲ್ಲಿ ಬಹುಪಾಲು ಅಲ್ಲೇ ಕುಗ್ಗಿ ಬಂದಿರುತ್ತದೆ.

ಈ ಕುಗ್ಗುವಿಕೆಯ ಲೆಕ್ಕ ಬಂದು ಬೀಳುವುದು ಜಾಯಿಂಟಿನ ಮೇಲೆ. ಕಿಲೋಮೀಟರಿಗೆ 220 ಇದ್ದದ್ದು ಎಂಟು ಒಂಬತ್ತಕ್ಕೆ ಇಳಿದಿದೆ, ಸಂತೋಷ. ಆದರೆ ಒಂದೊಂದೂ ಸೇತುವೆಯ ಜಾಯಿಂಟಿನಷ್ಟು ಬಾಯಿ ತೆರೆಯುತ್ತದೆ. ಚಳಿಗಾಲದ ಬೆಳಗಿನಿಂದ ಬೇಸಗೆಯ ಸಂಜೆಗೆ ಸ್ಲ್ಯಾಬಿನ ಸರಾಸರಿ ತಾಪಮಾನ 25 ಡಿಗ್ರಿ ಬದಲಾದರೆ 120 ಮೀಟರಿಗೆ 30 ಮಿ.ಮೀ. ಸರಿದಾಟ. ಸ್ಥಳದಲ್ಲಿ ಹೊಯ್ದದ್ದಾದರೆ ಒಣಗಿ ಕುಗ್ಗುವುದು ಇನ್ನೂ ಹೆಚ್ಚುಕಡಿಮೆ ಅಷ್ಟೇ. ಮೊಳದುದ್ದದ ಡೋವೆಲ್ಲೂ ನಾಲ್ಕು ರೂಪಾಯಿಯ ಸೀಲೆಂಟೂ ಇಲ್ಲಿ ನಡೆಯದು. ಉಕ್ಕಿನ ಅಂಚು, ರಬ್ಬರಿನ ಸೀಲು, ಜಾರುವ ಡೋವೆಲ್ ಇರುವ ನಿಜವಾದ ಎಕ್ಸ್‌ಪಾನ್ಶನ್ ಜಾಯಿಂಟ್ ಬೇಕು. ಕೂರಿಸುವ ದಿನದ ತಾಪಮಾನ ನೋಡಿಯೇ ಸಂದು ಎಷ್ಟು ಬಿಡಬೇಕೆಂದು ತೀರ್ಮಾನಿಸಬೇಕು. ಏಪ್ರಿಲ್ ಮಧ್ಯಾಹ್ನ 40 ಮಿ.ಮೀ. ಬಿಟ್ಟರೆ ಡಿಸೆಂಬರ್ ಮುಂಜಾನೆ ಅದು ಸೈಕಲ್ ಚಕ್ರ ನುಂಗುತ್ತದೆ. ಜಾಯಿಂಟಿನ ಕೆಳಗೆ ನೀರು ನಿಲ್ಲದಂತೆ ದಾರಿ ಮಾಡಿ. ತೆಳು ಸ್ಲ್ಯಾಬ್ ದಪ್ಪ ಸ್ಲ್ಯಾಬಿಗಿಂತ ಹೆಚ್ಚು ಬಳುಕುತ್ತದೆ, ಕೆಳಗೆ ನೀರಿದ್ದರೆ ಪ್ರತಿ ಲಾರಿಯೂ ಒಂದು ಪಿಚಕಾರಿ ಒತ್ತಿದಂತೆ.

ಬೆಂಗಳೂರಿನ 375 ಮೀಟರ್ ಪ್ರಯೋಗದಲ್ಲಿ ಸ್ವಲ್ಪ ಕಾಲಕ್ಕೇ ಬಿರುಕು ಬಂತೆಂದು ಸುದ್ದಿಯಾಯಿತಲ್ಲ, ಅದನ್ನೇ ಮುಂದಿಟ್ಟು ಇಡೀ ವಿದ್ಯೆಯನ್ನು ತಳ್ಳಿಹಾಕುವುದು ನ್ಯಾಯವಲ್ಲ. ಇಂಥ ರಸ್ತೆಯಲ್ಲಿ ಬಿರುಕು ಕಂಡರೆ ಮೊದಲು ಅದು ಎಲ್ಲಿದೆ ನೋಡಬೇಕು. ಹಲಗೆ ಹಲಗೆಯ ನಡುವಿನ ಸಂದಿನಲ್ಲಿದ್ದರೆ ಕೂಡಿಸಿದ ರೀತಿಯದು, ಎಳೆದ ಗುಂಡಿಯ ಸುತ್ತ ಇದ್ದರೆ ತುಂಬಿದ ಕಾಂಕ್ರೀಟಿನದು. ಹಲಗೆಯ ಮೈಮೇಲೆ ಅಡ್ಡಕ್ಕೆ ಹರಿದು, ಸಂಜೆಗೂ ಮುಂಜಾನೆಗೂ ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದರೆ ಮಾತ್ರ ಒತ್ತಡವೇ ತಲುಪಿಲ್ಲ ಎಂದು ಹೆದರಬೇಕು. ಮಿತಿಮೀರಿ ಹೇರಿದ ಲಾರಿಯಿಂದ ಬಂದ ಬಿರುಕು ಲಾರಿ ಹೋದ ಮೇಲೆ ತಾನಾಗಿ ಕೂಡಿಕೊಳ್ಳುವುದೇ ಬಿಗಿದ ಕಾಂಕ್ರೀಟಿನ ಗುಣ.

ಇನ್ನು ನಿಮ್ಮ ಹುಬ್ಬಳ್ಳಿ. ನಿಮ್ಮದು ಎರೆ ಭೂಮಿ. ಮಳೆಗೆ ಉಬ್ಬಿ ಬೇಸಗೆಗೆ ಕೈ ತೂರುವಷ್ಟು ಬಾಯಿ ಬಿಡುವ ಮಣ್ಣು. ಬಿಗಿದ ಸ್ಲ್ಯಾಬ್ ಅದನ್ನು ತಡೆದುಕೊಳ್ಳುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಮೇಲಿನ ಲೆಕ್ಕವೆಲ್ಲ ತಳ ಒಂದೇ ಮಟ್ಟದಲ್ಲಿ ನಿಂತಿರುತ್ತದೆ ಎಂಬ ನಂಬಿಕೆಯದು. ಎರೆ ಮಣ್ಣನ್ನು ತೆಗೆದು ಗಟ್ಟಿ ಮೊರಂ ತುಂಬಿ, ಇಲ್ಲವೇ ಸುಣ್ಣ ಬೆರೆಸಿ ಹದ ಮಾಡಿ, ಪಕ್ಕದ ಚರಂಡಿ ಸರಿಮಾಡಿದ ಮೇಲೆ ಈ ಮಾತು. ಅಷ್ಟು ಮಾಡಿದರೆ ಎಲ್ಲಿ ಹಾಕಬಹುದು ಎಂದರೆ, ವಾರಗಟ್ಟಲೆ ಮುಚ್ಚಲಾಗದ ಕಡೆ. ಟೋಲ್ ಗೇಟ್, ಬಸ್ಸುಗಳು ದಿನವಿಡೀ ಒಂದೇ ಗೆರೆಯಲ್ಲಿ ಬ್ರೇಕ್ ಹಾಕುವ ನಿಲ್ದಾಣದ ಅಂಗಳ, ಬಿಆರ್‌ಟಿಎಸ್‌ನಂಥ ಬಸ್ಸಿನ ಪಥ, ಮೇಲ್ಸೇತುವೆಯ ಇಳಿಜಾರು. ರಸ್ತೆ ನೇರವಾಗಿರಬೇಕು. ತಿರುವಿನಲ್ಲಿ ಸ್ಟ್ರ್ಯಾಂಡ್ ಡಕ್ಟಿನ ಒಳಗೋಡೆಗೆ ಒತ್ತಿ ಉಜ್ಜುತ್ತದೆ, ಒತ್ತಡ ಮತ್ತೊಂದು ಕಡೆ ಸೋರುತ್ತದೆ. ಐಆರ್‌ಸಿ 58 ಕೊಯ್ದು ಮಾಡುವ ಸಾದಾ ಕಾಂಕ್ರೀಟಿನದು. ಅದರಿಂದ ಭಾರ, ತಾಪಮಾನ, ತಳದ ಬಲ ತೆಗೆದುಕೊಳ್ಳಿ, ಸ್ಟ್ರ್ಯಾಂಡ್ ಮತ್ತು ನಷ್ಟಗಳ ಲೆಕ್ಕಕ್ಕೆ ಬಿಗಿದ ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 1343 ಹಿಡಿಯಿರಿ. ಎಳೆಯುವ ಕೈಗಳನ್ನು ಹುಡುಕಿ ಬೆಂಗಳೂರಿಗೆ ಹೋಗಬೇಕಿಲ್ಲ, ಸೇತುವೆ ಕೆಲಸದ ತಂಡಗಳು ನಿಮ್ಮಲ್ಲೇ ಇವೆ.

ಪೇಟೆಯ ಒಳ ಬೀದಿಗೆ ಮಾತ್ರ ನಾನು ಬೇಡ ಎನ್ನುತ್ತೇನೆ. ನಮ್ಮ ಊರುಗಳಲ್ಲಿ ಇವತ್ತು ರಸ್ತೆ, ನಾಳೆ ನೀರಿನ ಪೈಪು, ನಾಡಿದ್ದು ಒಳಚರಂಡಿ, ಆಮೇಲೆ ಗ್ಯಾಸು. ಸಾದಾ ಸ್ಲ್ಯಾಬಿನಲ್ಲಿ ಒಂದು ತುಂಡು ಒಡೆದು ತೆಗೆದು ಮತ್ತೆ ಹೊಯ್ಯಬಹುದು. ಇಲ್ಲಿ ಬ್ರೇಕರ್ ಹಿಡಿದವನು ತಿಳಿಯದೆ ಸ್ಟ್ರ್ಯಾಂಡ್ ಕಡಿದರೆ ಆ ಸಾಲಿನ ಬಿಗಿತಕ್ಕೆ ಅಲ್ಲಿ ಪೆಟ್ಟು. ಗ್ರೌಟ್ ಸರಿಯಾಗಿ ತುಂಬಿರದಿದ್ದರೆ ಸುಮಾರು ಹದಿನೈದು ಟನ್ ಎಳೆತದಲ್ಲಿರುವ ಆ ಉಕ್ಕು ಗುಂಡಿಯಿಂದ ಚಿಮ್ಮಿ ಅವನ ಜೀವಕ್ಕೇ ಬರಬಹುದು. ಎಲ್ಲ ಪೈಪುಗಳನ್ನೂ ಮೊದಲೇ ಪಕ್ಕದ ಡಕ್ಟಿಗೆ ಸರಿಸಿದ ಬೀದಿಯಾದರೆ ಮಾಡಿ. ಅಲ್ಲೂ 50 ಮೀಟರಿಗೊಂದು ಖಾಲಿ ಅಡ್ಡ ಕೊಳವೆ ಹೂತಿಡಿ. ಸ್ಟ್ರ್ಯಾಂಡ್ ಎಲ್ಲೆಲ್ಲಿ ಹಾದಿದೆ ಎಂಬುದನ್ನು ಕರ್ಬ್ ಕಲ್ಲಿನ ಮೇಲೆ ಬಣ್ಣದಲ್ಲಿ ಕನ್ನಡದಲ್ಲೇ ಬರೆಸಿ, ಅಗೆಯಲು ಬರುವವರಿಗೆ ನಕ್ಷೆ ತೋರಿಸಲು ಯಾರೂ ಅಲ್ಲಿ ಕಾಯುತ್ತಿರುವುದಿಲ್ಲ.